ಪರಪ್ಪನ ಗಾಡಿ ಕುದಿದದ್ದು

ಮೂಡಲಗಿಯ ಪೇಟೆಯಲ್ಲಿ ಬೆಲ್ಲದ ಪರಪ್ಪನ ಅಂಗಡಿಯಲ್ಲಿ ಎರಡು ತಕ್ಕಡಿಗಳಿದ್ದವು. ಒಂದು ಬೆಲ್ಲ ತೂಗುವುದಕ್ಕೆ. ಇನ್ನೊಂದು, ಮೊದಲನೆಯದರ ಮೇಲೆ ಕಣ್ಣಿಡುವುದಕ್ಕೆ. ರೈತ ತಂದ ಬೆಲ್ಲದ ಪೆಂಟಿಯನ್ನು ಪರಪ್ಪ ಮೊದಲು ಮೂಸುತ್ತಿದ್ದ, ಆಮೇಲೆ ಉಗುರಿನಿಂದ ಕೆರೆದು ನೆಕ್ಕುತ್ತಿದ್ದ, ಕಡೆಗೆ ಕೊಡತಿಯಿಂದ ನಟ್ಟನಡುವೆ ಒಡೆದು ಒಳಗೆ ಕಲ್ಲು ಇಟ್ಟಿದ್ದಾರೇನೋ ಎಂದು ನೋಡುತ್ತಿದ್ದ. ಹರೆಯದಲ್ಲಿ ಒಮ್ಮೆ ನಿಜವಾಗಿಯೂ ಕಲ್ಲು ಸಿಕ್ಕಿತ್ತು. ಅವನು ಕೆಟ್ಟದ್ದೇ ಅಲ್ಲಿ. ಸಂಶಯ ಒಂದು ಸಲ ಖರೆಯಾಯಿತೆಂದರೆ ಸಾಕು, ಮುಂದೆ ಸಾವಿರ ಸಲ ಸುಳ್ಳಾದರೂ ಮನುಷ್ಯ ಅದನ್ನು ಬಿಡುವುದಿಲ್ಲ. ಒಮ್ಮೆ ಫಲ ಕೊಟ್ಟ ಬಂಜೆ ಮರಕ್ಕೆ ಜೀವನಪೂರ್ತಿ ನೀರು ಹಾಕುವವರಿದ್ದಾರೆ.

ಈ ಗುಣದಿಂದ ಪರಪ್ಪನಿಗೆ ಲಾಭವಾದದ್ದೂ ಉಂಟು. ಆದರೆ ಮನೆಯಲ್ಲಿ ಜನ ಕಡಿಮೆಯಾದರು. ತಮ್ಮ ಸೋಮಪ್ಪ ಪಾಲು ತೆಗೆದುಕೊಂಡು ಹುಕ್ಕೇರಿಗೆ ಹೋಗಿ ಬೇರೆ ಅಂಗಡಿ ಹಾಕಿದ. ಇದ್ದ ಗುಮಾಸ್ತ ಒಂದು ದಿನ ಊಟಕ್ಕೆಂದು ಎದ್ದವನು ಬೇರೆಯವರ ಗಾದಿಯ ಮೇಲೆ ಹೋಗಿ ಕೂತ. ಹೆಂಡತಿ ಉದ್ದವ್ವ ಮಾತ್ರ ಉಳಿದಿದ್ದಳು. ಅವಳೂ ಹಾಲಿಗೆ ಹೆಪ್ಪು ಹಾಕುವಾಗ ಗಂಡ ಅಡುಗೆಮನೆಯ ಬಾಗಿಲಿಗೆ ಬಂದರೆ ಬಿಡುತ್ತಿರಲಿಲ್ಲ. “ಬರ್ರಿ, ಅಳದ ನೋಡ್ರಿ. ಬೆಕ್ಕು ಎಷ್ಟ ಕುಡದೈತಿ, ನಾ ಎಷ್ಟ ಕುಡದೇನಿ, ಎಲ್ಲಾ ಗೊತ್ತಾಗ್ತೈತಿ,” ಅನ್ನುತ್ತಿದ್ದಳು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು ಪರಪ್ಪ ಬೆಳಗಾವಿಯಿಂದ ಒಂದು ಗಾಡಿ ತಂದ. ಮುಂದೆ ಇಬ್ಬರು ಕೂಡುವಷ್ಟು ಮೋಟರಿನ ಜಾಗ, ಹಿಂದೆ ಚಕ್ಕಡಿಯ ಹಾಗೆ ತೆರೆದ ಪೆಟ್ಟಿಗೆ. ಮಾರಿದವನು ಇದಕ್ಕೆ ಪಿಕಪ್ಪು ಅನ್ನುತ್ತಾರೆ ಎಂದು ಹೇಳಿದ. ಪರಪ್ಪನಿಗೆ ಆ ಹೆಸರಿನ ಮೇಲೂ ನಂಬಿಕೆ ಬರಲಿಲ್ಲ. ಊರವರ ಹಾಗೆ ತಾನೂ ಸಣ್ಣ ಲಾರಿ ಎಂದೇ ಕರೆದ. ಓಡಿಸಲು ನಾಗನೂರಿನ ಹೊಳೆಪ್ಪ ಸಿಕ್ಕ. ಕುರಿ ಕಾಯುವ ಮನೆತನದವನು. ಬೆಳಗಾವಿಯ ಬಸ್ಸೊಂದರಲ್ಲಿ ಕ್ಲೀನರಾಗಿದ್ದು, ನೋಡಿ ನೋಡಿಯೇ ಡ್ರೈವರಾಗಿದ್ದ. ಕುರಿಯ ಕಾಲು ನೋಡಿ ರೋಗ ಹೇಳುವ ಹಾಗೆ ಎಂಜಿನ್ನಿನ ಸಪ್ಪಳ ಕೇಳಿ ರೋಗ ಹೇಳುತ್ತಿದ್ದ. ಮಾತು ಕಡಿಮೆ. ಮಾತು ಕಡಿಮೆ ಇದ್ದವರ ಬಗ್ಗೆ ಪರಪ್ಪನಿಗೆ ಒಂದು ಅಭಿಪ್ರಾಯ ಮೊದಲೇ ಇತ್ತು. ಆದರೆ ಮೂಡಲಗಿ ಸುತ್ತ ಬೇರೆ ಡ್ರೈವರ್ ಇರಲಿಲ್ಲ.

ಗಾಡಿಗೆ ಪೂಜೆ ಮಾಡಿದ ದಿನ ಹೊಳೆಪ್ಪನ ತಾಯಿ ಲಗಮವ್ವ ನಾಗನೂರಿನಿಂದ ಒಂದು ಹೊಸ ಕರಿ ಕಂಬಳಿ ಹೊತ್ತುಕೊಂಡು ನಡೆದು ಬಂದಳು. ತನ್ನ ಕುರಿಗಳ ಉಣ್ಣೆಯನ್ನು ತಾನೇ ನೂತು ನೇಯಿಸಿದ್ದು. ಬೀರಪ್ಪನ ಗುಡಿಯಲ್ಲಿ ಇಟ್ಟು ತಂದಿದ್ದಳು. ಒಂದು ತುದಿಗೆ ದೇವರ ಭಂಡಾರ, ಅಂದರೆ ಪೂಜೆಯ ಅರಿಶಿಣ, ಗಂಟು ಕಟ್ಟಿತ್ತು. ಅದನ್ನು ಗಾಡಿಯ ಮೂತಿಗೆ, ಎರಡು ದೀಪಗಳ ನಡುವೆ, ಇಳಿಬಿಟ್ಟು ಕಟ್ಟಿದಳು.

“ಯಪ್ಪಾ, ಪ್ಯಾಟಿ ಮಂದಿ ಕಣ್ಣ ಚಲೋ ಅಲ್ಲ. ಇದು ಮುಂದ ಇರ್ಲಿ,” ಎಂದಳು.

ಎಲ್ಲದಕ್ಕೂ ತಕರಾರು ಎತ್ತುವ ಪರಪ್ಪ ಇದಕ್ಕೆ ಎತ್ತಲಿಲ್ಲ. ಉಳಿದ ಬೆಲ್ಲದ ವ್ಯಾಪಾರಿಗಳು ಆ ಗಾಡಿಯನ್ನು ನೋಡುತ್ತಿದ್ದ ರೀತಿಯನ್ನು ಅವನು ಬೆಳಗಿನಿಂದ ನೋಡುತ್ತಲೇ ಇದ್ದ. ಮೇಲಾಗಿ ಕಂಬಳಿ ಪುಕ್ಕಟೆ ಬಂದಿತ್ತು. ಗಾಡಿಯ ಮೂತಿಯ ಮುಕ್ಕಾಲು ಭಾಗ ಕರಿ ಉಣ್ಣೆಯ ಹಿಂದೆ ಮುಚ್ಚಿಹೋಯಿತು.

ಆ ಮೂತಿಯ ಹಿಂದೆ ಇರುವುದೇ ರೇಡಿಯೇಟರು. ಎಂಜಿನ್ನಿನ ಬಿಸಿ ಹೊತ್ತ ನೀರು ಅಲ್ಲಿನ ತಾಮ್ರದ ಜಾಳಿಯೊಳಗೆ ಹರಿದು, ಎದುರಿನಿಂದ ಬೀಸುವ ಗಾಳಿಗೆ ತಣ್ಣಗಾಗಿ ಮರಳುತ್ತದೆ. ಇದು ಹೊಳೆಪ್ಪನಿಗೆ ಗೊತ್ತಿತ್ತು. ಆದರೆ ಅವನ ಕಣ್ಣಿಗೆ ಕಂಬಳಿ ಗಾಡಿಯ ಭಾಗವಲ್ಲ, ದೇವರ ಭಾಗ. ದೇವರು ಗಾಳಿಗೆ ಅಡ್ಡ ಬರುತ್ತಾನೆಂದು ಯಾರು ಯೋಚಿಸುತ್ತಾರೆ?

ವ್ಯಾಪಾರದ ದಾರಿ ಇಷ್ಟು: ಮೂಡಲಗಿಯಲ್ಲಿ ಬೆಲ್ಲ ಹೇರಿ, ಗೋಕಾಕ ದಾಟಿ, ಜಲಪಾತದ ಪಕ್ಕದ ಫಾಲ್ಸಿನ ಏರು ಹತ್ತಿ, ಹುಕ್ಕೇರಿ ಮೇಲೆ ಹಾದು ಸಂಕೇಶ್ವರ. ಅಲ್ಲಿ ಬೆಳಿಗ್ಗೆ ಬೆಲ್ಲದ ಹರಾಜಿನ ಸವಾಲು. ಸವಾಲು ಕೂಗುವ ಹೊತ್ತಿಗೆ ಮಾಲು ಮುಂದಿದ್ದವನಿಗೆ ಕೊಲ್ಹಾಪುರದ ವ್ಯಾಪಾರಿ ಸಿಗುತ್ತಾನೆ. ತಡವಾಗಿ ಹೋದವನಿಗೆ ನೊಣ ಸಿಗುತ್ತವೆ. ಪರಪ್ಪನಿಗೆ ಮೇಲಿಂದ ಮೇಲೆ ನೊಣವೇ ಸಿಗತೊಡಗಿದವು. ಗೋಕಾಕದವರೆಗೆ ಸುಮ್ಮನೆ ಬರುವ ಗಾಡಿ ಫಾಲ್ಸಿನ ಏರಿನಲ್ಲಿ ಬುಸುಗುಟ್ಟಿ ಕುದಿಯುತ್ತಿತ್ತು. ಏರಿನ ತುದಿಯಲ್ಲಿ ಯಮನವ್ವ ಎಂಬ ಹೆಂಗಸಿನ ಗುಡಿಸಲು, ಪಕ್ಕದಲ್ಲಿ ಸೇದುವ ಬಾವಿ. ಅವಳು ಫಾಲ್ಸಿನ ನೂಲಿನ ಗಿರಣಿಯ ಕೆಲಸಗಾರರಿಗೆ ಚಹಾ, ಭಜಿ ಮಾರುತ್ತಿದ್ದಳು. ಗಾಡಿ ಅಲ್ಲೇ ನಿಲ್ಲಬೇಕು, ಹೊಳೆಪ್ಪ ನೀರು ಸೇದಬೇಕು, ಆರುವವರೆಗೆ ಕಾಯಬೇಕು.

ಪ್ರತಿ ಸಲ ಅಲ್ಲೇ ಯಾಕೆ? ಪರಪ್ಪನ ತಲೆಯಲ್ಲಿ ಈ ಪ್ರಶ್ನೆ ಬೆಲ್ಲಕ್ಕೆ ಇರುವೆ ಹತ್ತಿದ ಹಾಗೆ ಹತ್ತಿತು. ಮೊದಲಿಗೆ ಹೊಳೆಪ್ಪ ದಾರಿಯಲ್ಲಿ ಪೆಂಟಿ ಇಳಿಸುತ್ತಾನೆಂದುಕೊಂಡ. ಪೆಂಟಿ ಎಣಿಸಿದ, ಒಂದೂ ಕಡಿಮೆ ಬರಲಿಲ್ಲ. ಇದರಿಂದ ಅವನ ಸಂಶಯ ಹೆಚ್ಚೇ ಆಯಿತು. ಇಷ್ಟು ಬಿಗಿಯಾಗಿ ಹೊಂದಿಸುವವನು ಸಾಮಾನ್ಯ ಕಳ್ಳನಲ್ಲ. ಆಮೇಲೆ, ಯಮನವ್ವನ ಭಜಿಯ ಆಸೆಗೆ ಇವನೇ ಗೋಕಾಕದಲ್ಲಿ ನೀರು ಚೆಲ್ಲಿ ಬರುತ್ತಾನೆ ಎಂದು ತೀರ್ಮಾನಿಸಿ, ಕಮ್ಮಾರನ ಕಡೆಯಿಂದ ರೇಡಿಯೇಟರಿನ ಮುಚ್ಚಳಕ್ಕೂ ಕೆಳಗಿನ ನಲ್ಲಿಗೂ ಬೀಗ ಮಾಡಿಸಿದ. ಕೀಲಿಕೈ ತನ್ನ ಉಡದಾರಕ್ಕೆ ಕಟ್ಟಿಕೊಂಡ. ಮರುದಿನ ಗಾಡಿ ಏರಿನ ಮೇಲೆ ಕುದಿಯಿತು. ಕೀಲಿಕೈ ಮೂಡಲಗಿಯಲ್ಲಿ ಅಂಗಡಿಯ ಗಾದಿಯ ಮೇಲೆ ಕೂತು ಹಿಸಾಬು ನೋಡುತ್ತಿತ್ತು. ಬಸ್ಸಿನವರ ಕೈಯಲ್ಲಿ ಹೇಳಿಕಳಿಸಿ ಕೀಲಿ ತರಿಸುವಷ್ಟರಲ್ಲಿ ಸವಾಲು ಮುಗಿದು, ಸಂಕೇಶ್ವರದವರು ಊಟ ಮಾಡಿ ಮಲಗಿ ಎದ್ದಿದ್ದರು. ಪೇಟೆಯಲ್ಲಿ ಬಹಳ ದಿನ ಇದೇ ಮಾತಾಯಿತು. ಪರಪ್ಪ ಬೀಗ ಬಿಚ್ಚಿಸಿದ, ಸಂಶಯ ಬಿಚ್ಚಲಿಲ್ಲ. ಹೊಳೆಪ್ಪ ಸಂಕೇಶ್ವರದ ಯಾರೋ ದಲಾಲನ ಮಾತಿಗೆ ಬಿದ್ದು ಬೇಕಂತಲೇ ತಡ ಮಾಡುತ್ತಾನೆ ಎಂದು ಒಬ್ಬಿಬ್ಬರ ಮುಂದೆ ಆಡಿಯೂ ಬಿಟ್ಟ.

ಆ ಮಾತು ನಾಗನೂರು ಮುಟ್ಟಲು ಹೊತ್ತು ಹಿಡಿಯಲಿಲ್ಲ. ಹೊಳೆಪ್ಪ ಬಂದು ಅಂಗಡಿಯ ಕಟ್ಟೆಯ ಕೆಳಗೆ ನಿಂತು, ನೀವೇ ಒಂದು ಸಲ ಗಾಡಿಯಲ್ಲಿ ಬಂದು ನೋಡ್ರಿ ಎಂದ. ಪರಪ್ಪ ಹೋದ. ಏರಿನಲ್ಲಿ ಗಾಡಿ ಅವನ ಕಣ್ಣೆದುರೇ ಕುದಿಯಿತು. ತಾನು ಬಂದಿದ್ದಾಗಲೂ ಕುದಿಸುತ್ತಾನಲ್ಲ, ಎಂಥ ಎದೆಗಾರ ಎಂದು ಪರಪ್ಪ ಒಳಗೊಳಗೇ ಬೆರಗಾದ. ಹೊಳೆಪ್ಪ ಮಾತ್ರ, ಏರಿಗೆ ಈ ರೇಡಿಯೇಟರು ಸಣ್ಣದಾಗುತ್ತಿರಬೇಕು, ಸಂಕೇಶ್ವರದ ದುರ್ಗಪ್ಪ ಮಿಸ್ತ್ರಿಯ ಹತ್ತಿರ ದೊಡ್ಡದು ಹಾಕಿಸಿದರೆ ನೀಗೀತು ಎಂದ.

ಪರಪ್ಪ ರಾತ್ರಿ ಊಟಕ್ಕೆ ಕೂತಾಗ ಇದನ್ನು ತೂಗಿ ನೋಡಿದ. ಸಣ್ಣ ಚರಿಗೆ ಬೇಗ ಕುದಿಯುತ್ತದೆ, ದೊಡ್ಡ ಹಂಡೆ ತಡವಾಗಿ ಕುದಿಯುತ್ತದೆ, ಇದರಲ್ಲಿ ಮೋಸವಿಲ್ಲ. ಆದರೆ ಅವನಿಗೆ ಹಿಡಿಸಿದ್ದು ಬೇರೆ. ದೊಡ್ಡದು ಹಾಕಿಸಿದ ಮೇಲೆ ಕುದಿಯದಿದ್ದರೆ ಒಳ್ಳೆಯದೇ ಆಯಿತು. ಕುದಿದರೆ ಹೊಳೆಪ್ಪನಿಗೆ ಹೇಳಲು ನೆಪ ಉಳಿಯುವುದಿಲ್ಲ. ಎಂಜಿನ್ನಿಗಿಂತ ಹೆಚ್ಚಾಗಿ ಡ್ರೈವರನನ್ನು ಪರೀಕ್ಷಿಸಲು ರೇಡಿಯೇಟರು ಬದಲಿಸಿದವನು ಈ ದಾರಿಯ ಊರುಗಳಲ್ಲೆಲ್ಲ ಪರಪ್ಪನೊಬ್ಬನೇ ಇರಬೇಕು.

ದುರ್ಗಪ್ಪ ಮಿಸ್ತ್ರಿಯ ಅಂಗಳದಲ್ಲಿ ಗಾಡಿ ನಿಂತ ಕೂಡಲೇ ಹೊಳೆಪ್ಪ ಮಾಡಿದ ಮೊದಲ ಕೆಲಸವೆಂದರೆ ಕಂಬಳಿ ಬಿಚ್ಚಿದ್ದು. ಎಣ್ಣೆ ಕೈಗಳು ದೇವರ ಕಂಬಳಿಯನ್ನು ಮುಟ್ಟಬಾರದು. ಮಡಚಿ, ಹಣೆಗೆ ಒತ್ತಿ, ಒಳಗೆ ಸೀಟಿನ ಮೇಲೆ ಇಟ್ಟ. ಮಿಸ್ತ್ರಿ ಬಂದು ನೋಡಿದಾಗ ಮೂತಿ ಬರಿದಾಗಿತ್ತು. ಹಾಗಾಗಿ ಮಿಸ್ತ್ರಿಗೆ ಕಂಬಳಿಯ ಸಂಗತಿ ಗೊತ್ತಾಗಲೇ ಇಲ್ಲ. ಅವನು ಬಗ್ಗಿ, ಜಾಳಿಯಲ್ಲಿ ಬೆಳಕು ತೂರಿಸಿ, ಗೀಚಿ ನೋಡಿ, ಜಾಳಿ ಕಟ್ಟಿಲ್ಲ, ಸೋರಿಲ್ಲ, ಇದು ಯಾಕೆ ಕುದಿಯುತ್ತದೋ ತಿಳಿಯದು ಎಂದ. ಪರಪ್ಪ ಹೊಳೆಪ್ಪನ ಮುಖ ನೋಡಿದ.

“ಯಾಕ ಕುದೀತೈತಿ ಅನ್ನೂದ ನಿನಗ ಬ್ಯಾಡ ಮಿಸ್ತ್ರಿ. ದೊಡ್ಡದ ಹಾಕು. ಹಳೇದ ಮಾತ್ರ ನನ್ನ ಕೈಯಾಗ ಕೊಡು,” ಎಂದ.

“ಸಾವಕಾರ್ರ, ಹಳೇದ ತಗೊಂಡ ಏನ್ ಮಾಡ್ತೀರಿ?”

“ನೀ ಏನ್ ಮಾಡ್ತಿದ್ದಿ, ಅದನ್ನ.”

ಬಿದ್ದ ದೊಡ್ಡ ಲಾರಿಯೊಂದರಿಂದ ಬಿಚ್ಚಿದ ರೇಡಿಯೇಟರು ಅಲ್ಲಿತ್ತು. ಅಗಲ, ಎತ್ತರ, ದಪ್ಪ ಎಲ್ಲದರಲ್ಲೂ ಹಳೆಯದಕ್ಕೆ ಅಣ್ಣ. ಕೂರುವ ಜಾಗವೇ ಇರಲಿಲ್ಲ. ಮಿಸ್ತ್ರಿ ಕೆಳಗೆ ಜಾಲಿ ಕಟ್ಟಿಗೆಯ ತುಂಡುಗಳನ್ನಿಟ್ಟು ಅದನ್ನು ಮುಂದಕ್ಕೆ ತಂದ. ಹಿಂದಿನಿಂದ ಗಾಳಿ ಎಳೆಯುವ ಪಂಖದ ಎಲೆ ಜಾಳಿಗೆ ತಾಗದ ಹಾಗೆ ಕೈಯಿಂದ ತಿರುಗಿಸಿ ನೋಡಿದ. ಮೂತಿಯ ತಗಡನ್ನು ಎರಡೂ ಬದಿಗೆ ಕತ್ತರಿಸಿದ. ರಬ್ಬರಿನ ಕೊಳವೆ ಮೊಟಕಾಯಿತೆಂದು ಬೇರೆ ಉದ್ದನೆಯದನ್ನು ತಂದು ಪಟ್ಟಿ ಬಿಗಿದ. ಪರಪ್ಪ ಮುರುಕು ಡಬ್ಬದ ಮೇಲೆ ಕೂತು ಪ್ರತಿ ಬೋಲ್ಟನ್ನೂ ಕಣ್ಣಿನಲ್ಲೇ ಬಿಗಿಯುತ್ತಿದ್ದ. ತೋರಿಸಿದ್ದು ಒಂದು, ಹಾಕುವುದು ಇನ್ನೊಂದು ಆಗಬಾರದೆಂದು ಹೊಸದರ ಹಿತ್ತಾಳೆಯ ಮೇಲೆ ಮೊಳೆಯಿಂದ ಸಣ್ಣ ಗುರುತು ಗೀಚಿದ್ದ. ಮಿಸ್ತ್ರಿ ಅದನ್ನು ನೋಡಿ, ಅವನಿಗೆ ಕಾಣುವ ಹಾಗೆ ಬಾಜೂದಲ್ಲಿ ತನ್ನದೂ ಒಂದು ಗುರುತು ಗೀಚಿದ.

ನೀರು ತುಂಬಿ ಎಂಜಿನ್ನು ಓಡಲು ಬಿಟ್ಟರು. ಚಹಾ ಕುಡಿದರೂ, ಎಲೆ ಅಡಿಕೆ ಹಾಕಿದರೂ ಕುದಿಯಲಿಲ್ಲ. ಕಂಬಳಿಯನ್ನು ಈಗ ಕಟ್ಟಲು ಬರುತ್ತಿರಲಿಲ್ಲ. ಮೂತಿ ಅಗಲವಾಗಿ ಹಳೆಯ ಕೊಂಡಿಗಳು ಹೋಗಿದ್ದವು. ಹಾಗೇ ಸೀಟಿನ ಮೇಲಿಟ್ಟುಕೊಂಡು ಮೆಣಸಿನಕಾಯಿ ಚೀಲ ಹೇರಿ ಮರಳಿದರು. ದಾರಿಯುದ್ದಕ್ಕೂ ಗಾಡಿ ಒಮ್ಮೆಯೂ ಉಸಿರು ಬಿಡಲಿಲ್ಲ. ಹೊಳೆಪ್ಪ ಎಂದೂ ಹಾಡದವನು ಹುಕ್ಕೇರಿ ದಾಟಿದ ಮೇಲೆ ಗುನುಗಿದ. ಪರಪ್ಪನೂ ಆ ದಿನ ಹೆಂಡತಿಯ ಮುಂದೆ, ಹುಡುಗ ಖರೆ ಇದ್ದಾನೆ ಅನ್ನಿಸುತ್ತದೆ ಎಂದ. ಉದ್ದವ್ವ ಇದನ್ನು ಮತ್ತೊಮ್ಮೆ ಹೇಳಿಸಿ ಕೇಳಿದಳು.

ಆದರೆ ನಾಗನೂರಿನಲ್ಲಿ ಲಗಮವ್ವ ಸುಮ್ಮನೆ ಕೂಡಲಿಲ್ಲ. ಗಾಡಿಯ ಮೂತಿ ದೊಡ್ಡದಾಯಿತು, ಕಂಬಳಿ ಚಿಕ್ಕದಾಯಿತು. ದೃಷ್ಟಿ ಅಂಚಿನಿಂದ ನುಗ್ಗಬಾರದಲ್ಲ. ಕಂಬಳಿಗೆ ಇನ್ನೊಂದು ಪಟ್ಟಿ ಕೂಡಿಸಿ ಹೊಲಿದಳು. ಮಗ ಕಳಿಸಿದ ಅಳತೆಗೆ ಸರಿಯಾಗಿ, ಎಲ್ಲೂ ಸಂದು ಉಳಿಯದಂತೆ. ಹೊಳೆಪ್ಪ ಹೊಸ ಕೊಂಡಿ ಹಾಕಿ ಅದನ್ನು ಡೊಳ್ಳಿನ ಚರ್ಮದ ಹಾಗೆ ಬಿಗಿದು ಕಟ್ಟಿದ.

ಮುಂದಿನ ಸಂತೆಗೆ ಬೆಲ್ಲ ಹೇರಿ ಹೊರಟಾಗ ಪರಪ್ಪ ತಾನೂ ಹತ್ತಿದ, ಹೊಸ ರೇಡಿಯೇಟರಿನ ಸುಖ ನೋಡಲು. ಏರು ಇನ್ನೂ ಅರ್ಧ ಇರುವಾಗಲೇ ಮೂತಿಯಿಂದ ಹಬೆ ಎದ್ದಿತು. ಹಿಂದೆಂದೂ ಇಷ್ಟು ಕುದಿದಿರಲಿಲ್ಲ. ಹೇಗೋ ತೆವಳಿ ಯಮನವ್ವನ ಬಾವಿಯ ಮುಂದೆ ನಿಂತಿತು. ಬಿಸಿ ಎಂಜಿನ್ನಿಗೆ ತಣ್ಣೀರು ಒಮ್ಮೆಲೇ ಬಿದ್ದರೆ ಸೀಳುತ್ತದೆಂದು ಹೊಳೆಪ್ಪ ಎಂಜಿನ್ನನ್ನು ನಿಲ್ಲಿಸದೆ ಮೆಲ್ಲಗೆ ಓಡಲು ಬಿಟ್ಟು ಇಳಿದ. ಅವನ ಮುಖದಲ್ಲಿ ನಿಜವಾದ ದಿಗಿಲಿತ್ತು. ಪರಪ್ಪ ಅದನ್ನು ಸಿಕ್ಕಿಬಿದ್ದವನ ದಿಗಿಲು ಎಂದು ಓದಿಕೊಂಡ.

“ಈಗ ಏನ್ ಸಣ್ಣದಾತು ಹೊಳೆಪ್ಪಾ?” ಎಂದ.

“ನನಗೂ ತಿಳೀವಲ್ದ್ರಿ ಸಾವಕಾರ್ರ.”

“ನಿನಗ ತಿಳೀವಲ್ದು, ಮಿಸ್ತ್ರಿಗೆ ತಿಳೀವಲ್ದು. ಕುದಿಯೂದ ಮಾತ್ರ ಇಲ್ಲೇ ಬಂದ ಕುದೀತೈತಿ. ಯಾರ ಮಾತ ಕೇಳಿ ಮಾಡಾಕತ್ತಿ ಹೇಳು. ಇಲ್ಲಾಂದ್ರ ಭಂಡಾರ ಮುಟ್ಟು.”

ಬಾಗಿಲಲ್ಲಿ ನಿಂತಿದ್ದ ಯಮನವ್ವನ ಕೈಯಲ್ಲಿದ್ದ ಭಜಿ ಎತ್ತುವ ಸೌಟು ಅಲ್ಲೇ ನಿಂತಿತು. ಭಂಡಾರ ಮುಟ್ಟಿ ಆಣೆ ಮಾಡುವುದು ಸಣ್ಣ ಮಾತಲ್ಲ. ಕಳವಿನ ಮಾತಿಗೆ ತಮ್ಮವರಿಂದ ಭಂಡಾರ ಮುಟ್ಟಿಸಿದ ಮನೆಯ ಚಾಕರಿಯನ್ನು ಹೊಳೆಪ್ಪನ ಮನೆತನ ಮತ್ತೆ ಮಾಡುವುದಿಲ್ಲ. ಅಲ್ಲಿ ನೀರೂ ಕುಡಿಯುವುದಿಲ್ಲ. ಇದು ಯಮನವ್ವನಿಗೆ ಗೊತ್ತಿತ್ತು, ಪರಪ್ಪನಿಗೂ ಗೊತ್ತಿತ್ತು. ಅವಳು, ಸಾವಕಾರರು ಇನ್ನೊಮ್ಮೆ ವಿಚಾರ ಮಾಡಿ ಕೇಳಲಿ ಎಂದು ಮೆಲ್ಲಗೆ ಹೇಳಿ ನೋಡಿದಳು. ಪರಪ್ಪ ಅವಳ ಕಡೆಗೂ ಒಂದು ನೋಟ ಹರಿಸಿದ. ಅವಳ ಪಾಲೂ ಇದ್ದೀತು.

ಹೊಳೆಪ್ಪ ನೀರು ಸೇದಲು ಹಿಡಿದಿದ್ದ ಹಗ್ಗವನ್ನು ಬಾವಿಯ ಕಟ್ಟೆಯ ಮೇಲಿಟ್ಟ.

“ಮುಟ್ತೇನ್ರಿ. ಮಾಲ ಹೇರೇನಿ, ಸಂಕೇಶ್ವರಕ್ಕ ಮುಟ್ಟಸ್ತೇನಿ. ಅಲ್ಲಿಂದ ಮುಂದ ನಿಮ್ಮ ಗಾಡಿ ನಿಮಗ.”

ಪರಪ್ಪ ಬೇಡ ಅನ್ನಲಿಲ್ಲ. ಇವನು ಹೋದರೆ ಗಾಡಿ ನಿಲ್ಲುತ್ತದೆ, ಗಾಡಿ ನಿಂತರೆ ವ್ಯಾಪಾರ ನಿಲ್ಲುತ್ತದೆ, ತನ್ನ ಜೊತೆ ಉಳಿದಿದ್ದ ಕಡೆಯವನೂ ಇವನೇ, ಇದೆಲ್ಲ ಅವನಿಗೆ ಹೊಳೆಯದೆ ಇರಲಿಲ್ಲ. ಆದರೆ ಸಂಶಯ ಹೊತ್ತು ಮನೆಗೆ ಹೋಗಿ ಮಲಗುವುದು ಅವನ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ.

ಆಣೆಗೆ ಕಂಬಳಿಯ ಗದ್ದುಗೆ ಬೇಕು. ಹೊಳೆಪ್ಪ ಬಾವಿಯ ನೀರಿನಿಂದ ಕೈಕಾಲು ತೊಳೆದು ಬಂದು, ಗಾಡಿಯ ಮೂತಿಗೆ ಬಿಗಿದಿದ್ದ ಕಂಬಳಿಯ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಬಾವಿಯ ಪಕ್ಕ ನೆಲ ಗುಡಿಸಿ ಹಾಸಿದ. ಮೂಲೆಗಳನ್ನು ಎಳೆದು ಸರಿಮಾಡಿದ. ಹಾಗೇ ಕಂಬಳಿಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತು, ತುದಿಯ ಗಂಟಿಗೆ ಕೈ ಹಾಕಿದ. ತಾಯಿ ಕಟ್ಟಿದ ಗಂಟು, ಸುಲಭಕ್ಕೆ ಬಿಚ್ಚಲಿಲ್ಲ.

ಆ ಹೊತ್ತಿಗೆ ಪರಪ್ಪನ ಕಿವಿಗೆ ಏನೋ ಕಡಿಮೆಯಾದಂತೆನಿಸಿತು. ತಿರುಗಿ ನೋಡಿದ. ಯಾರೂ ಇನ್ನೂ ನೀರು ಹಾಕಿರಲಿಲ್ಲ. ಎಂಜಿನ್ನು ಓಡುತ್ತಲೇ ಇತ್ತು. ಆದರೆ ಬುಸುಗುಟ್ಟುವುದು ನಿಂತಿತ್ತು. ಹಬೆ ಎಳೆಯಾಗಿ, ಬಳಿಕ ಅದೂ ಇಲ್ಲವಾಗಿತ್ತು. ಬರಿದಾದ ಜಾಳಿಯ ಹಿಂದೆ ಪಂಖ ತಿರುಗುತ್ತಿತ್ತು. ಪರಪ್ಪ ಹತ್ತಿರ ಹೋಗಿ ಎಲೆ ಅಡಿಕೆಯ ಸಂಚಿಯಿಂದ ಒಂದು ಒಣ ಎಲೆ ತೆಗೆದು ಜಾಳಿಯ ಮುಂದೆ ಹಿಡಿದ. ಎಲೆ ಕೈಯಿಂದ ಕಿತ್ತುಕೊಂಡು ಹೋಗಿ ಜಾಳಿಗೆ ಅಂಟಿ ನಿಂತಿತು. ಗಾಳಿ ಒಳಗೆ ಹೋಗುತ್ತಿತ್ತು. ಇಷ್ಟು ದಿನ ಹೋಗುತ್ತಿರಲಿಲ್ಲ.

ಜೀವಮಾನವೆಲ್ಲ ಬೆಲ್ಲದೊಳಗೆ ಕಲ್ಲು ಹುಡುಕಿದವನಿಗೆ ಇದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಿಂದೆ ಹೊಳೆಪ್ಪ ಇನ್ನೂ ಗಂಟಿನ ಜೊತೆ ಹೆಣಗುತ್ತಿದ್ದ. ಬೇಡಪ್ಪಾ ಏಳು ಎಂದಿದ್ದರೆ ಸಾಕಿತ್ತು. ಮಾತು ಪರಪ್ಪನ ಗಂಟಲಿನವರೆಗೆ ಬಂತು ಕೂಡ. ಆದರೆ ಅಲ್ಲಿ ನಿಂತು ಅದು ಸುತ್ತಮುತ್ತ ನೋಡಿತು: ಇದೂ ಏನಾದರೂ ಕೈಚಳಕವಾಗಿದ್ದರೆ? ಹೇಗೂ ಕೂತಿದ್ದಾನೆ. ಆಣೆಯೂ ಒಂದು ಆಗಿಬಿಡಲಿ, ಮನಸ್ಸಿಗೆ ಗಟ್ಟಿ.

ಗಂಟು ಬಿಚ್ಚಿತು. ಹೊಳೆಪ್ಪ ಭಂಡಾರ ಅಂಗೈಗೆ ತೆಗೆದುಕೊಂಡ.

“ಈ ಗಾಡಿಗೆ ನಾ ತಿಳದು ಒಂದ್ ಕೇಡ ಮಾಡಿಲ್ಲ. ಮಾಡಿದ್ರ ಬೀರಪ್ಪ ನನ್ನ ಕಣ್ಣ ತಗೀಲಿ,” ಎಂದು ಹಣೆಗೆ ಹಚ್ಚಿಕೊಂಡು ಎದ್ದ.

ಎದ್ದು ಗಾಡಿಯ ಕಡೆ ಬಂದವನು ಜಾಳಿಗೆ ಅಂಟಿದ ಎಲೆ ನೋಡಿದ, ಪರಪ್ಪನನ್ನು ನೋಡಿದ, ತನ್ನ ಕೈಯಲ್ಲಿದ್ದ ಕಂಬಳಿ ನೋಡಿದ. ಅವನಿಗೂ ತಿಳಿಯಿತು. ಎಲೆ ಯಾವಾಗ ಅಂಟಿತೆಂಬುದೂ ತಿಳಿಯಿತೋ ಏನೋ, ಕೇಳಲಿಲ್ಲ. ಯಮನವ್ವ ತಂದ ನೀರು ಹಾಕಿ, ಕಂಬಳಿ ಮಡಚಿ ಹೆಗಲ ಮೇಲೆ ಹಾಕಿಕೊಂಡು ಗಾಡಿ ಹತ್ತಿದ.

ಏರು ಹಿಂದೆ ಬಿದ್ದು ಹುಕ್ಕೇರಿ ಹತ್ತಿರ ಬಂತು. ಗಾಡಿ ಹೊಸ ಮದುಮಗಳ ಹಾಗೆ ಸಪ್ಪಳವಿಲ್ಲದೆ ಹೋಗುತ್ತಿತ್ತು. ಪರಪ್ಪ ಕೂತಲ್ಲೇ ಒದ್ದಾಡಿದ. ಏನಾದರೂ ಹೇಳಬೇಕು. ತಪ್ಪಾಯಿತು ಎಂಬ ಮಾತು ಅವನ ಅಂಗಡಿಯಲ್ಲಿ ಎಂದೂ ಇಟ್ಟ ಮಾಲಲ್ಲ, ಹುಡುಕಿದರೆ ಸಿಗಲಿಲ್ಲ. ಹೊಳೆಪ್ಪನೇ ಮೊದಲು ಬಾಯಿಬಿಟ್ಟ. ದಾರಿಯ ಮೇಲಿನ ಕಣ್ಣು ತೆಗೆಯದೆ, ಕಂಬಳಿ ಗಾಳಿ ತಡೆದಿತ್ತು, ನನಗೆ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ ಎಂದ. ಇಷ್ಟು ಮಾತು ಅವನು ಒಂದೇ ಸಲ ಆಡಿದ್ದು ಅಪರೂಪ. ಅರ್ಧ ಬಾಗಿಲು ತೆರೆದ ಹಾಗಿತ್ತು. ಆಣೆಯ ಕಟ್ಟು ಕಟ್ಟೇ ಆದರೂ, ಆಣೆ ಮಾಡಿಸಿದವರು ಹಿರಿಯರ ಮುಂದೆ ತಪ್ಪು ಒಪ್ಪಿಕೊಂಡು ಅದನ್ನು ಬಿಡಿಸಿಕೊಂಡದ್ದೂ ಉಂಟು. ಪರಪ್ಪ ಗಂಟಲು ಸರಿಮಾಡಿಕೊಂಡ. ಅವನು ನಿಜವಾಗಿಯೂ ಒಳ್ಳೆಯ ಮಾತೇ ಆಡಬೇಕೆಂದಿದ್ದ.

“ಅಲ್ಲಾ, ನಿಮ್ಮವ್ವಗ ಮೊದಲ ಗೊತ್ತಿತ್ತೇನು?” ಎಂದುಬಿಟ್ಟ.

ಹೊಳೆಪ್ಪ ಗೇರು ಬದಲಿಸಿದ.

ಸಂಕೇಶ್ವರದಲ್ಲಿ ಸವಾಲು ಕೂಗುವ ಮೊದಲೇ ಗಾಡಿ ಮುಟ್ಟಿತು. ಬೆಲ್ಲಕ್ಕೆ ಒಳ್ಳೆಯ ಧಾರಣೆ ಬಂತು. ಹೊಳೆಪ್ಪ ಹಮಾಲರ ಜೊತೆ ನಿಂತು ಪೆಂಟಿಗಳೆಲ್ಲವನ್ನೂ ಇಳಿಸಿ, ಗಾಡಿಯನ್ನು ದುರ್ಗಪ್ಪ ಮಿಸ್ತ್ರಿಯ ಅಂಗಳದ ನೆರಳಿಗೆ ಹಚ್ಚಿ, ಅದರ ಕೀಲಿಕೈಯನ್ನು ಪರಪ್ಪನ ಕೈಗೆ ಕೊಡದೆ ಡಬ್ಬದ ಮೇಲಿಟ್ಟು, ಮಿಸ್ತ್ರಿಗೆ ಬರುತ್ತೇನೆಂದು ಹೇಳಿ, ಕಂಬಳಿ ಹೊದ್ದುಕೊಂಡು ಹುಕ್ಕೇರಿಯ ದಾರಿ ಹಿಡಿದ. ಪರಪ್ಪ ಎದ್ದು ನಿಂತ. ಕರೆಯಲಿಲ್ಲ. ತಿರುಗಿ ನೋಡುತ್ತಾನೇನೋ ಎಂದು ಕಾದ.

ಮಿಸ್ತ್ರಿಗೆ ಸಂಗತಿ ತಿಳಿದಾಗ ಅವನು ಬಹಳ ಹೊತ್ತು ನಗೆ ತಡೆಯಲಾರದೆ ನಕ್ಕ. ಹಾಗಿದ್ದರೆ ಹಳೆಯ ರೇಡಿಯೇಟರೇ ಸಾಕಾಗುತ್ತಿತ್ತಲ್ಲ ಎಂದ. ಪರಪ್ಪ ಅವನನ್ನು ಕಣ್ಣು ಕಿರಿದು ಮಾಡಿ ನೋಡಿದ. ಇವನಿಗೆ ಆಗಲೇ ಗೊತ್ತಿತ್ತೇನೋ. ಮಿಸ್ತ್ರಿ ನಗೆ ನಿಲ್ಲಿಸಿ ಮರುಕಪಟ್ಟು, ಗುರುತಿನ ಒಬ್ಬ ಡ್ರೈವರನನ್ನು ಕರೆಸಿದ. ಕೆಲಸ ಬಲ್ಲವನು, ಖಾಲಿ ಇದ್ದ. ಪರಪ್ಪ ಅವನಿಗೆ ಊರು ಯಾವುದು, ಯಾರ ಮಗ, ಹಿಂದೆ ಯಾರ ಗಾಡಿ ಹೊಡೆಯುತ್ತಿದ್ದೆ, ಯಾಕೆ ಬಿಟ್ಟೆ, ನೀನೇ ಬಿಟ್ಟೆಯೋ ಅವರೇ ಬಿಡಿಸಿದರೋ ಎಂದು ಕೇಳುತ್ತ ಹೋದ. ಆ ಮನುಷ್ಯ ಸಮಾಧಾನದಿಂದಲೇ ಒಂದಿಷ್ಟಕ್ಕೆ ಉತ್ತರ ಹೇಳಿದ. ಬೀಡಿ ಮುಗಿದ ಮೇಲೆ ಅದನ್ನು ಚಪ್ಪಲಿಯಿಂದ ಉಜ್ಜಿ, ಸಾವಕಾರರಿಗೆ ನಮಸ್ಕಾರ ಮಾಡಿ, ಬಂದ ದಾರಿಯಲ್ಲೇ ಹೋದ. ಮಿಸ್ತ್ರಿ ಇನ್ನೊಬ್ಬನನ್ನು ಕರೆಸಲಿಲ್ಲ.

ಗಾಡಿ ಅಗಲ ಮೂತಿ ತೆರೆದುಕೊಂಡು ನೆರಳಿನಲ್ಲಿ ನಿಂತಿತ್ತು. ಪರಪ್ಪ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು, ಅದರ ಪಕ್ಕದ ಡಬ್ಬದ ಮೇಲೆ ಕೂತ. ಗಾಡಿಯನ್ನು ಎತ್ತುಗಳಿಂದ ಎಳೆಸಿಕೊಂಡು ಹೋಗಲು ಮೂಡಲಗಿಯ ಕಡೆ ಹೋಗುವ ಚಕ್ಕಡಿ ಯಾವುದಾದರೂ ಬಂದೀತೇ ಎಂದು ರಸ್ತೆ ನೋಡುತ್ತಿದ್ದ. ಒಂದು ಬಂತು. ನಡೆಸುವವನ ಮುಖ ಅವನಿಗೆ ಯಾಕೋ ಸರಿಬರಲಿಲ್ಲ. ಇನ್ನೊಂದು ಬರಲಿ ಎಂದು ಬಿಟ್ಟ.